ಐದನೆಯ ಕಲಮು

ತೂಕ ನೋಡುವುದಕ್ಕೂ ಮೊದಲು ನಾನು ಕಾಗದ ಮುಂದಿಡುತ್ತೇನೆ. ಎರಡು ಪ್ರತಿ, ಒಂದು ಅವರಿಗೆ, ಒಂದು ನನಗೆ. ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ದರ್ಜಿ ನಬಿಸಾಬರ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಆಹಾರ ಸಲಹಾ ಕೇಂದ್ರ ತೆರೆದು ಮೂರು ವರ್ಷವಾಯಿತು. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ಹೊತ್ತಿಗೆ ಉಣ್ಣಬೇಕು ಎಂದು ಹೇಳುವುದು ನನ್ನ ಕೆಲಸ. ಅದಕ್ಕೂ ಕರಾರು ಪತ್ರ ಬೇಕು ಎಂದಾಗ ಮೊದಮೊದಲು ಎಲ್ಲರೂ ನಕ್ಕರು.

"ನಾಕ ರೊಟ್ಟಿ ತಿನ್ನಾವಗ ಎರಡ ತಿನ್ನು ಅನ್ನಾಕ ಸಹಿ ಯಾಕ ಬೇಕ್ರಿ ಬಾಯಾರ?" ಎಂದು ನಬಿಸಾಬರು ಕೇಳಿದ್ದರು. "ನಮ್ಮ ನಿಕಾಹದಾಗೂ ಇಷ್ಟ ಷರತ್ತ ಇರಲಿಲ್ಲ ನೋಡ್ರಿ."

ನನಗೆ ನಗು ಬಂದಿರಲಿಲ್ಲ. ಮೊದಲ ವರ್ಷ ಮುದ್ದೇಬಿಹಾಳದ ಹೆಂಗಸೊಬ್ಬಳು ನಾನು ಬರೆದುಕೊಟ್ಟ ಊಟ ಶುರು ಮಾಡಿದ ದಿನವೇ ರಕ್ತದೊತ್ತಡದ ಗುಳಿಗೆ ಬಿಟ್ಟಿದ್ದಳು. ತಲೆ ತಿರುಗಿ ಬಿದ್ದ ಮೇಲೆ "ಮೇಡಂ ಬಿಡು ಅಂದ್ರು" ಎಂದಳಂತೆ. ಆಕೆಯ ಇಬ್ಬರು ಅಣ್ಣಂದಿರು ಬಂದು ಇದೇ ಕೋಣೆಯಲ್ಲಿ, ಬಾಗಿಲಿಗೆ ಅಡ್ಡವಾಗಿ, ಒಂದು ಮಾತೂ ಆಡದೆ ಬಹಳ ಹೊತ್ತು ನಿಂತಿದ್ದರು. ಅವರು ಬೈದಿದ್ದರೆ ನಾನು ಮರೆಯುತ್ತಿದ್ದೆನೇನೋ. ಆ ವಾರವೇ ಕೂತು ಕರಾರು ಬರೆದೆ. ಬೆಂಗಳೂರಿನ ಗೆಳತಿಯೊಬ್ಬಳು ಕಳಿಸಿದ ನಮೂನೆ ನೋಡಿಕೊಂಡು ಏಳು ಕಲಮು ಮಾಡಿದೆ. ನಾನು ವೈದ್ಯೆಯಲ್ಲ ಎಂಬುದು ಮೊದಲನೆಯದು. ಗುಳಿಗೆಯನ್ನು ತಾವಾಗಿ ಬಿಡುವುದಿಲ್ಲ ಎಂಬುದು ಎರಡನೆಯದು. ಊಟ ಬಿಡುವುದಿಲ್ಲ ಎಂಬುದು ಮೂರನೆಯದು. ಇರುವ ರೋಗ, ತೆಗೆದುಕೊಳ್ಳುವ ಔಷಧ ಮುಚ್ಚಿಡುವುದಿಲ್ಲ ಎಂಬುದು ನಾಲ್ಕನೆಯದು. ಐದನೆಯದರಲ್ಲಿ ಮಾತ್ರ ನಾನು ಅವರಿಗೆ ಮಾತು ಕೊಟ್ಟಿದ್ದೆ: ಅವರು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ.

ಪರಸಪ್ಪ ಬಂದದ್ದು ಆಷಾಢದಲ್ಲಿ. ನಲವತ್ತಾರು ವರ್ಷ, ಗಟ್ಟಿ ಆಳು, ಮುಳವಾಡದ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಖಾಸಗಿ ಶಾಲೆಯ ವ್ಯಾನ್ ಓಡಿಸುವವನು. ಕುರ್ಚಿಯ ತುದಿಯಲ್ಲಿ ಕೂತು ಕಾಗದವನ್ನು ಎರಡು ಸಲ ಓದಿದ. ನಾನು ಕಾಯುತ್ತ ಕೂತೆ.

"ಐದನೇದು ಇನ್ನೊಂದಿಷ್ಟ ಬಿಗಿ ಮಾಡ್ರಿ ಮೇಡಂ" ಎಂದ ಕೊನೆಗೆ. "ಮನ್ಯಾಗ ಹೇಳಬಾರದು. ಸಾಲ್ಯಾಗ ಹೇಳಬಾರದು. ಅದನ್ನ ಬಿಡಿಸಿ ಬರೀರಿ."

"ಯಾಕ್ರಿ?"

"ನನಗ ಸಕ್ಕರಿ ಐತ್ರಿ. ಎರಡ ವರ್ಷ ಆತು. ವಿಜಾಪುರದ ಡಾಕ್ಟರಿಗೆ, ನನಗ ಬಿಟ್ರ ಮೂರನೇದವರಿಗೆ ಗೊತ್ತಿಲ್ಲ. ನಮ್ಮ ಸಾಲ್ಯಾಗ ಮೊದಲ ಒಬ್ಬಾಂವ ಡ್ರೈವರ್ ಇದ್ದ. ಸಕ್ಕರಿ ಐತಿ ಅಂತ ಗೊತ್ತಾದ ಮರುದಿನಾನ ಗಾಡಿ ಚಾವಿ ಇಸ್ಕೊಂಡ್ರು."

ನಾನು ಐದನೆಯ ಕಲಮಿನ ಕೆಳಗೆ ಕೈಯಲ್ಲೇ ಬರೆದೆ: 'ಮನೆಯವರಿಗಾಗಲಿ, ಶಾಲೆಯವರಿಗಾಗಲಿ ಯಾವ ಕಾರಣಕ್ಕೂ ಹೇಳುವುದಿಲ್ಲ.' ಯಾವ ಕಾರಣಕ್ಕೂ ಎಂಬುದನ್ನು ಅವನು ಕೇಳಿರಲಿಲ್ಲ. ಅದು ನಾನಾಗಿ ಸೇರಿಸಿದ್ದು. ಬರೆಯುವಾಗ ಬಹಳ ಚೆಂದ ಕಂಡಿತ್ತು.

ಅವನು ಹೇಳಿದ ಹಾಗೆ ಕೇಳುವ ಮನುಷ್ಯ. ಪ್ರತಿ ಸೋಮವಾರ ಬೆಳಿಗ್ಗೆ ಸಕ್ಕರೆ ನೋಡುವ ಯಂತ್ರದ ಚಿತ್ರ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದ. 212. ಆಮೇಲೆ 168. ಆಮೇಲೆ 131. ಶ್ರಾವಣದಲ್ಲಿ ಇನ್ನೂ ಬೇಗ ಇಳಿಯಿತು: 96, 88, ಆ ಸೋಮವಾರ 81. ನಾನು ಬರೆದುಕೊಟ್ಟ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಸೌತೆಕಾಯಿಯ ಲೆಕ್ಕ ಫಲ ಕೊಡುತ್ತಿದೆ ಎಂದುಕೊಂಡೆ. 'ಶಾಭಾಷ್' ಎಂದು ಬರೆದು ಒಂದು ಹೂವಿನ ಚಿತ್ರ ಕಳಿಸಿದೆ.

ಮರುದಿನ ಮಂಗಳವಾರ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಮಡಚಿದ ಕಾಗದ. ಕಾಗದದ ಅಂಚು ಒದ್ದೆಯಾಗಿತ್ತು.

"ವಿಜಯಲಕ್ಷ್ಮಿ ಅನ್ನಾಕಿ ನೀವಽ ಏನ್ರಿ?"

"ಹೌದ್ರಿ. ಬರ್ರಿ, ಕುಂಡ್ರಿ."

"ಕುಂಡ್ರಾಕ ಬಂದಿಲ್ಲ. ನಾ ಪರಸಪ್ಪನ ಮನಿಯಾಕಿ, ಚಂದವ್ವ. ನಮ್ಮನಿಯವ್ರು ನಿಮಗ ಏನ ಬರಕೊಟ್ಟಾರ, ಅದನ್ನಷ್ಟ ಹೇಳ್ರಿ."

ಒಗೆಯಲು ಹಾಕಿದ ಅಂಗಿಯ ಕಿಸೆಯಲ್ಲಿ ಸಿಕ್ಕಿತ್ತಂತೆ. ಅವಳು ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು ಬೆರಳಿನಿಂದ ಒತ್ತಿ ಹಿಡಿದಳು, ನಾನು ಕಸಿದುಕೊಂಡೇನು ಎಂಬಂತೆ.

"ನಾನೂ ಆರನೇತ್ತ ಕಲತೇನಿ. ಕಾಯ್ದೆದ ಭಾಷಾ ಪೂರಾ ತಿಳಿವಲ್ದು, ಆದ್ರ 'ಪರಸಪ್ಪ ಆದ ನಾನು ಒಪ್ಪಿಕೊಂಡಿದ್ದೇನೆ' ಅಂತ ಐತಿ. ಕೆಳಗ ಸಹಿ ಐತಿ. ನಮ್ಮವು ಎರಡ ಎಕರೆ ಅದಾವು. ಅದನ್ನೇನಾರ ಬರಕೊಟ್ಟಾರೇನು?"

"ಇಲ್ರಿ, ಹೊಲದ ಮಾತಲ್ಲ ಇದು."

"ಮತ್ತ ಯಾವ ಮಾತು? 'ಮನೆಯವರಿಗಾಗಲಿ' ಅಂತ ಕೈಲೆ ಬರದೀರಿ. ಮನಿಯವರು ಅಂದ್ರ ನಾನಽ. ನನಗ ಹೇಳಬಾರದಂಥಾದ್ದು ನಿಮ್ಮಿಬ್ಬರ ನಡಬರಕ ಏನೈತಿ?"

ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿದು ನನ್ನ ಮುಖ ಬಿಸಿಯಾಯಿತು. ಐದನೆಯ ಕಲಮು ಅವಳ ಬೆರಳಿನ ಕೆಳಗೇ ಇತ್ತು. "ಊಟದ ಬಗ್ಗೆ ರೀ" ಎಂದೆ. "ತೂಕ ಇಳಸಾಕ ಬಂದಾರ. ಹೊತ್ತಹೊತ್ತಿಗೆ ಏನ ಉಣಬೇಕು ಅಂತ ನಾ ಬರದ ಕೊಡ್ತೇನಿ."

ಚಂದವ್ವ ನನ್ನನ್ನೇ ನೋಡಿದಳು. ಆಮೇಲೆ ಒಮ್ಮೆಗೇ ನಕ್ಕಳು. ಭಾರ ಇಳಿದವರ ನಗು ಅದು.

"ಊಟದ್ದಽ? ಹೋಗ್ರಿ ನಮ್ಮವ್ವ! ಉಂಡ್ರ ಅಲ್ಲೇನ್ರಿ ಊಟದ ಮಾತು! ಶ್ರಾವಣ ಹತ್ತಿದಾಗಿಂದ ಅವ್ರು ಹಗಲಿ ಒಂದ ತುತ್ತ ಬಾಯಾಗ ಹಾಕಿಲ್ಲ. ಒಪ್ಪತ್ತ ಹಿಡದಾರ. ಸಂಜಿಗೆ ದೀಪ ಹಚ್ಚಿದ ಮ್ಯಾಲೆ ಒಂದ ಸಲ ಉಣತಾರ. ಚಾ ಸುದ್ದಾ ಇಲ್ಲ." ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. "ಹರಕಿ ಐತಿ. ಹೊರಗ ಹೇಳಬಾರದು, ಬಾಯಾಗ ಬಂದ್ಬಿಡ್ತು. ನೀವು ಯಾರಿಗೂ ಹೇಳಬ್ಯಾಡ್ರಿ. ನಮ್ಮ ಮಗಳು ರಾಜಶ್ರೀನ ಇಂಡಿ ಊರಿಗೆ ಕೊಟ್ಟೇವಿ. ಎರಡ ಸಲ ಹೊಟ್ಟಿ ನಿಂತದ್ದು ಹೋತು. ಈಗ ಏಳ ತಿಂಗಳಾಗ್ಯಾವು. ಅದಕ್ಕ."

ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಹಗಲು ಒಂದು ತುತ್ತೂ ಇಲ್ಲ. ಅವನು ಬೆಳಿಗ್ಗೆ ಏಳು ಗಂಟೆಗೆ ನುಂಗುವ ಗುಳಿಗೆ ಹೊಟ್ಟೆಯಲ್ಲಿ ಅನ್ನ ಇರಲಿ ಇಲ್ಲದಿರಲಿ ಸಕ್ಕರೆ ಇಳಿಸುತ್ತಲೇ ಹೋಗುವಂಥದು. ಅದರ ಮೇಲೆ ನಾನು ರೊಟ್ಟಿ ಕಡಿಮೆ ಮಾಡಿದ್ದೆ. 81 ಎಂಬುದು ಬೆಳಿಗ್ಗೆ ಎದ್ದಾಗಿನ ಅಂಕಿ. ಮಧ್ಯಾಹ್ನ ಮೂರೂವರೆಗೆ ಅದು ಎಷ್ಟಾಗಿರುತ್ತದೆ? ಗೋಡೆಯ ಗಡಿಯಾರ ನೋಡಿದೆ. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಆಮೇಲೆ ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಕಾಲುವೆಯ ದಂಡೆಯ ಮೇಲಿನ ರಸ್ತೆ. ಶ್ರಾವಣದಲ್ಲಿ ಆ ಕಾಲುವೆ ತುಂಬಿ ಹರಿಯುತ್ತಿರುತ್ತದೆ.

ಇವಳಿಗೆ ಒಪ್ಪತ್ತು ಗೊತ್ತು, ರೋಗ ಗೊತ್ತಿಲ್ಲ. ನನಗೆ ರೋಗ ಗೊತ್ತು, ಒಪ್ಪತ್ತು ಗೊತ್ತಿರಲಿಲ್ಲ. ನಡುವೆ ಅವನು ಮೂರು ವಾರದಿಂದ ಗಾಡಿ ಓಡಿಸುತ್ತಿದ್ದ. ನಾನೂ ಇದೇ ಜಿಲ್ಲೆಯವಳು. ಸಿಂದಗಿಯಲ್ಲಿ ನನ್ನ ಅವ್ವ ಪ್ರತಿ ಶ್ರಾವಣ ಒಪ್ಪತ್ತು ಹಿಡಿಯುತ್ತಾಳೆ. ಆದರೂ ನನ್ನ ಏಳು ಕಲಮುಗಳಲ್ಲಿ ಆ ಪ್ರಶ್ನೆ ಇರಲಿಲ್ಲ.

ಅವನ ಫೋನಿಗೆ ಮಾಡಿದೆ. ಬಾರಿಸಿ ಬಾರಿಸಿ ನಿಂತಿತು. ಶಾಲೆಗೆ ಮಾಡಿದೆ. ಯಾರೋ ಗುಮಾಸ್ತರು ಎತ್ತಿದರು.

"ಪರಸಪ್ಪನವರ ವ್ಯಾನ್ ಹೋತೇನ್ರಿ?"

"ಇವತ್ತ ಅರ್ಧಾ ತಾಸ ಮೊದಲ ಬಿಟ್ಟೇವ್ರಿ, ಮಾಸ್ತರಗೋಳ್ದು ಮೀಟಿಂಗ್ ಐತಿ. ಗೇಟಿನ್ಯಾಗ ಹೊಂಟೈತಿ ನೋಡ್ರಿ ಗಾಡಿ. ನಿಲ್ಲಸಲೇನು? ಏನ ಕೆಲಸಿತ್ತು?"

ಹೂಂ ಎಂದಿದ್ದರೆ ಸಾಕಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ. ಚಂದವ್ವನ ಬೆರಳು ಇನ್ನೂ ಕಾಗದದ ಮೇಲಿತ್ತು, ನಾನೇ ಬರೆದ 'ಯಾವ ಕಾರಣಕ್ಕೂ' ಎಂಬುದರ ಪಕ್ಕದಲ್ಲಿ.

"ಬ್ಯಾಡ ಬಿಡ್ರಿ" ಎಂದೆ. "ನಾನಽ ಭೆಟ್ಟಿ ಆಗ್ತೇನಿ."

ಫೋನು ಇಟ್ಟ ಮೇಲೆ ನಾನು ಆಡಿದ ಮಾತು ನನಗೆ ಕೇಳಿಸಿತು. ಮತ್ತೆ ಮಾಡಿದೆ, ಈ ಸಲ ಯಾರೂ ಎತ್ತಲಿಲ್ಲ. ಕಪಾಟಿನಲ್ಲಿದ್ದ ಗ್ಲೂಕೋಸ್ ಪುಡಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಚಂದವ್ವಾರ, ನನ್ನ ಸ್ಕೂಟಿ ಹತ್ರಿ" ಎಂದೆ.

"ಎಲ್ಲಿಗ್ರಿ?"

"ನಡೀರಿ, ಹತ್ರಿ ಮೊದಲ."

ಊರು ದಾಟುವವರೆಗೂ ಅವಳು ಕೇಳುತ್ತಲೇ ಇದ್ದಳು. "ಏನಾಗೇತಿ? ಅವರಿಗೇನಾರ ಆಗೇತೇನು?" ನಾನು ಗಾಡಿಯ ವೇಗ ಹೆಚ್ಚಿಸಿದೆ. ಶಾಲೆಯ ಗೇಟು ಮುಚ್ಚಿತ್ತು. ಅದನ್ನು ದಾಟಿದೆವು. ನನ್ನ ಹೆಗಲ ಮೇಲಿದ್ದ ಅವಳ ಕೈ ಬಿಗಿಯಾಗುತ್ತ ಹೋಯಿತು. ಕಾಲುವೆಯ ನೀರು ಬಲಗಡೆ ನಮ್ಮ ಜೊತೆಗೇ ಬರುತ್ತಿತ್ತು. ಮಣ್ಣಿನ ಬಣ್ಣದ ನೀರು, ಸದ್ದಿಲ್ಲದ ವೇಗ. ರಸ್ತೆಯ ಮೇಲೆ ಗಾಲಿಯ ಗುರುತು ಎಲ್ಲಾದರೂ ಬಲಕ್ಕೆ ಹೊರಳಿದೆಯೇ ಎಂದು ನೋಡುತ್ತ ಗಾಡಿ ಓಡಿಸಿದೆ. ಹಳದಿ ಬಣ್ಣದ ಏನು ಕಂಡರೂ ಎದೆ ಹಾರುತ್ತಿತ್ತು. ಒಂದು ಕಡೆ ಅದು ಸೂರ್ಯಕಾಂತಿಯ ಹೊಲವಾಗಿತ್ತು.

ಮೂರು ಕಿಲೋಮೀಟರ್ ಹೋದ ಮೇಲೆ ವ್ಯಾನ್ ಕಂಡಿತು. ನಡೆಯುವ ಮನುಷ್ಯನಷ್ಟು ನಿಧಾನವಾಗಿ ಹೋಗುತ್ತಿತ್ತು. ರಸ್ತೆಯ ನಡುವಿನಿಂದ ಕಾಲುವೆಯ ಕಡೆಗೆ ಸರಿಯುವುದು, ಮತ್ತೆ ನಡುವಿಗೆ ಬರುವುದು. ಹಿಂದಿನ ಗಾಜಿನಲ್ಲಿ ಮಕ್ಕಳು ನಮ್ಮನ್ನು ನೋಡಿ ಕೈ ಬೀಸಿದರು. ನಾನು ಹಾರ್ನ್ ಒತ್ತಲು ಬೆರಳು ಎತ್ತಿ ಹಾಗೇ ಇಳಿಸಿದೆ. ಬೆಚ್ಚಿದರೆ ಯಾವ ಕಡೆಗೆ ತಿರುಗಿಸುತ್ತಾನೋ. ಹಿಂದೆಯೇ ಹೋದೆ. ಅಷ್ಟು ಉದ್ದದ ರಸ್ತೆಯನ್ನು ನಾನು ಮತ್ತೆಂದೂ ಕಂಡಿಲ್ಲ. ಕೊನೆಗೆ ಬೇವಿನ ಮರದ ಹತ್ತಿರ ಮೊದಲ ಮಗು ಇಳಿಯುವ ಜಾಗದಲ್ಲಿ ವ್ಯಾನ್ ನಿಂತಿತು. ಹದಿನೆಂಟು ವರ್ಷದ ಅಭ್ಯಾಸ ಅವನ ಕಾಲನ್ನು ಬ್ರೇಕಿನ ಮೇಲೆ ಇಟ್ಟಿರಬೇಕು.

ನಾನು ಓಡಿಹೋಗಿ ಕಿಟಕಿಯಿಂದ ಕೈ ಹಾಕಿ ಚಾವಿ ತಿರುಗಿಸಿ ಎಳೆದುಕೊಂಡೆ. ಪರಸಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದೇ ಕೂತಿದ್ದ. ಅಂಗಿ ಬೆವರಿನಲ್ಲಿ ಮೈಗೆ ಅಂಟಿತ್ತು. ನಿಧಾನವಾಗಿ ನನ್ನ ಕಡೆ ತಿರುಗಿದ.

"ಯಾರ ಬೇಕಾಗಿತ್ತರಿ?" ಎಂದ.

ಚಂದವ್ವ ಹಿಂದೆ ನಿಂತು ಅದನ್ನು ಕೇಳಿದಳು.

ಗ್ಲೂಕೋಸನ್ನು ಒಂದು ಮಗುವಿನ ನೀರಿನ ಬಾಟಲಿಗೆ ಸುರಿದು ಕಲಕಿ ಅವನ ಬಾಯಿಗೆ ಹಿಡಿದೆ. ತುಟಿ ಮುಚ್ಚಿಕೊಂಡ. ಹೊರಗೆ ಉರಿಬಿಸಿಲಿತ್ತು, ಅವನು ಅದನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ದೀಪ ಹಚ್ಚಿಲ್ಲ ಇನ್ನ" ಎಂದ.

"ಪರಸಪ್ಪಣ್ಣಾರ, ಕುಡೀರಿ. ಊಟ ಬಿಡಂಗಿಲ್ಲಂತ ಸಹಿ ಮಾಡೀರಿ ನೀವು."

"ಊಟ ಬಿಟ್ಟಿಲ್ಲ ನಾ. ಒಪ್ಪತ್ತ ಹಿಡದೇನಿ." ಮಾತು ತೊದಲುತ್ತಿತ್ತು. ಆದರೆ ಅದರಲ್ಲಿ ಸುಳ್ಳಿರಲಿಲ್ಲ. ಊಟ ಬಿಡುವುದು ಮನುಷ್ಯರ ಕೆಲಸ, ಒಪ್ಪತ್ತು ದೇವರದು. ಅವನು ಕರಾರು ಮುರಿದಿರಲಿಲ್ಲ.

ತೋಳು ಹಿಡಿದೆ, ಕೊಡವಿಕೊಂಡ. ಮೈಯಲ್ಲಿ ಇನ್ನೂ ಬಲವಿತ್ತು. ಅದು ಯಾವ ಗಳಿಗೆಯಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹೋದ ಮೇಲೆ ಕುಡಿಸಲು ಬರುವುದಿಲ್ಲ ಎಂದೂ ಗೊತ್ತಿತ್ತು. ಚಂದವ್ವನ ಕಡೆ ತಿರುಗಿದೆ. ಮಕ್ಕಳೆಲ್ಲ ನೋಡುತ್ತಿದ್ದರು.

"ಅವರಿಗೆ ಸಕ್ಕರಿ ರೋಗ ಐತ್ರಿ" ಎಂದೆ. "ಎರಡ ವರ್ಷ ಆತು. ಗುಳಿಗಿ ನುಂಗಿ ಉಪಾಸ ಅದಾರ. ಈಗ ಕುಡಿಲಿಲ್ಲಂದ್ರ ಪ್ರಾಣಕ್ಕ ಬರತೈತಿ."

ಅವಳು ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ಎರಡು ವರ್ಷ ಎಂಬುದು ಅವಳ ಮುಖದಲ್ಲಿ ಹಾದುಹೋದದ್ದನ್ನು ಕಂಡೆ. ಅದರ ಹಿಂದೆಯೇ ಇನ್ನೊಂದು ಬಂತು. ಇಂಡಿಯ ಮಗಳು, ಏಳು ತಿಂಗಳು. ಬಾಟಲಿ ತೆಗೆದುಕೊಳ್ಳಲು ಚಾಚಿದ ಅವಳ ಕೈ ಅರ್ಧಕ್ಕೆ ನಿಂತಿತು. ನಾನು ಬಾಟಲಿಯನ್ನು ಅವಳ ಕಡೆಗೇ ಹಿಡಿದಿದ್ದೆ. ಹೇಳಲು ನನ್ನ ಓದಿನಲ್ಲಿ ಏನೂ ಇರಲಿಲ್ಲ.

"ಹರಕಿ ಮುರದ ಪಾಪ ನನ್ನ ತಲಿ ಮ್ಯಾಲೆ ಇರಲಿ ಯಪ್ಪಾ" ಎಂದು ಯಾರಿಗೋ ಹೇಳಿದಳು. ಗಂಡನ ಗದ್ದ ಹಿಡಿದು, ಮಗುವಿಗೆ ಔಷಧ ಕುಡಿಸುವಂತೆ ಬಾಯಿ ತೆರೆಸಿ, ಒಂದೊಂದೇ ಗುಟುಕು ಹಾಕಿದಳು. ಅರ್ಧ ನೀರು ಅವನ ಎದೆಯ ಮೇಲೆ ಹರಿಯಿತು.

ಹತ್ತು ನಿಮಿಷಕ್ಕೆ ಅವನ ಕಣ್ಣಿಗೆ ನಾವು ಕಾಣಿಸಿದೆವು. ಹೆಂಡತಿಯನ್ನು ಕಂಡ, ನನ್ನನ್ನು ಕಂಡ, ನನ್ನ ಕೈಯಲ್ಲಿದ್ದ ಚಾವಿಯನ್ನು ಕಂಡ.

"ಯಾರಯಾರಿಗೆ ಗೊತ್ತಾತು?" ಎಂಬುದೇ ಅವನ ಮೊದಲ ಮಾತು.

ನಾನೇ ಶಾಲೆಗೆ ಮತ್ತೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ. ಅಲ್ಲಿಂದ ಬೇರೆ ಡ್ರೈವರ್ ಬಂದ. ಶಾಲೆಯ ಆಡಳಿತ ನೋಡುವ ಬಸಂತರಾಯರೂ ಬಂದರು. ಅವರು ಗದರಲಿಲ್ಲ. ನನ್ನ ಕೈಯಿಂದ ಚಾವಿ ಇಸಿದುಕೊಂಡು ಕಿಸೆಗೆ ಹಾಕಿ, "ಆಸ್ಪತ್ರಿಗೆ ಕರಕೊಂಡ ಹೋಗ್ರಿ" ಎಂದಷ್ಟೇ ಹೇಳಿದರು. ನಾವು ಕರೆದುಕೊಂಡು ಹೋದೆವು. ವೈದ್ಯರು ಗುಳಿಗೆ ಬದಲಿಸಿದರು, ಇನ್ನು ಉಪವಾಸ ಬೇಡವೇ ಬೇಡ ಎಂದರು. ಅಲ್ಲಿ ಬೆಂಚಿನ ಮೇಲೆ ನಾವು ಮೂವರೂ ಕೂತಿದ್ದೆವು. ಗಂಡ ಹೆಂಡತಿಯ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಬಾಗಿಲು ತೆರೆಯುವಾಗ ಪರಸಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಮುದ್ದೇಬಿಹಾಳದ ಅಣ್ಣಂದಿರು ನೆನಪಾದರು. ಕೀಲಿ ತಿರುಗಿಸಲು ಎರಡು ಸಲ ಬೇಕಾಯಿತು. ಅವನು ಒಳಗೆ ಬಂದು ಅದೇ ಕುರ್ಚಿಯ ತುದಿಯಲ್ಲಿ ಕೂತು ಕಾಗದ ಬಿಡಿಸಿಟ್ಟ.

"ಮುಂಜಾನೆ ಉಂಡೀರೇನ್ರಿ?" ಎಂದು ಕೇಳಿದೆ.

"ಉಂಡೇನಿ. ಆಕಿ ಮುಂದ ಕುಂತ ಉಣಿಸಿದಳು. ಮಾತಾಡಲಿಲ್ಲ." ಕಾಗದದ ಮಡಿಕೆಯನ್ನು ಬೆರಳಿನಿಂದ ಸರಿಮಾಡಿದ. "ಚಾವಿ ಹೋತು. ಗೇಟ ಕಾಯಾಕ ಬಾ ಅಂದಾರ. ಅದಿರಲಿ. ನಾ ಇದನ್ನ ರಾತ್ರಿ ಮತ್ತ ಓದಿದೆ ಮೇಡಂ. ನಾ ತಪ್ಪಿದ್ರ ಏನು ಅನ್ನೂದು ಆರನೇದರಾಗ ಐತಿ. ನೀವು ತಪ್ಪಿದ್ರ ಏನು ಅನ್ನೂದು ಎಲ್ಲೂ ಬರದಿಲ್ಲ."

ನಾನು ಕಾಗದ ನೋಡಿದೆ. ನಿಜವಾಗಿತ್ತು.

"ಹದಿನಾಲ್ಕ ಮಕ್ಕಳಿದ್ರು" ಎಂದೆ.

"ಇದ್ರು. ನಾ ಇಲ್ಲ ಅನ್ನಂಗಿಲ್ಲ. ಆ ಮಕ್ಕಳು ನನ್ನ ಕಣ್ಣ ಮುಂದಿಂದ ಹೋಗವಲ್ವು. ನೀವು ಮಾಡಿದ್ದು ಖರೆ ಐತಿ." ಅವನ ದನಿ ಏರಲಿಲ್ಲ. ಅದು ಏರಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. "ಆದ್ರ ನನ್ನ ಮಗಳ ಹರಕಿ ಮುರೀತು. ಅಮಾಸಿಗೆ ಇನ್ನ ಒಂಬತ್ತ ದಿನ ಅದಾವು. ಡಾಕ್ಟರು ನನಗ ಬ್ಯಾಡ ಅಂದಾರ. ಮನಿಯಾಕಿ ಹಿಡಿತೇನಿ ಅಂದ್ರ, ಆಕಿಗೆ ಮೊದಲಽ ರಕ್ತ ಕಡಿಮಿ. ಮುರದವರು ಹಿಡದ್ರ ನಡಿತೈತಿ ಅಂತ ನಮ್ಮ ಹಿರ್‍ಯಾರು ಅಂತಿದ್ರು. ಒಂಬತ್ತ ದಿನ ನೀವು ಹಿಡೀರಿ."

ಉಪವಾಸಕ್ಕೂ ಹೆರಿಗೆಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಇಂಡಿಯಲ್ಲಿ ನಾನು ಮುಖ ನೋಡದ ಒಬ್ಬ ಹುಡುಗಿ ಇದ್ದಳು. ಇನ್ನೆರಡು ತಿಂಗಳಲ್ಲಿ ಅಲ್ಲಿಂದ ಬರುವ ಸುದ್ದಿಯ ಮೇಲೆ ಇವನು ಈ ಮೆಟ್ಟಿಲು ಹತ್ತುತ್ತಾನೋ ಇಲ್ಲವೋ ಎಂಬುದು ನಿಂತಿತ್ತು. ಅದರ ಜೊತೆಗೆ ಯಾರಿಗೂ ಹೇಳದ ಇನ್ನೊಂದು ಮಾತು ನನ್ನಲ್ಲಿತ್ತು. ವ್ಯಾನ್ ನಿಲ್ಲಸಲೇನು ಎಂದು ಗುಮಾಸ್ತರು ಕೇಳಿದ್ದರು. ಬೇಡ ಎಂದಿದ್ದೆ. ಆ ಮೂರು ಕಿಲೋಮೀಟರ್ ನಾನು ಮಕ್ಕಳನ್ನು ಪಣಕ್ಕಿಟ್ಟು ಆಡಿದ್ದೆ.

"ಆತ್ರಿ" ಎಂದೆ. ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು.

"ಬರೀಬ್ಯಾಡ್ರಿ" ಎಂದ. "ಬರದ್ರ ಅದು ಹರಕಿ ಅಲ್ಲ. ಯಾರ ಮುಂದೂ ಹೇಳಬ್ಯಾಡ್ರಿ. ಇದು ನಿಮ್ಮ ಬಾಯಾಗಽ ಇರಲಿ."

ಕಾಗದವನ್ನು ಮಡಚಿ ಕಿಸೆಗಿಟ್ಟುಕೊಂಡು ಅವನು ಇಳಿದುಹೋದ.

ಮೊದಲ ದಿನ ಹಸಿವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಎರಡನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಹಗುರಾಗಿ, ಗೋಡೆಯ ಮೇಲೆ ನಾನೇ ತೂಗುಹಾಕಿದ ಊಟದ ಪಟ್ಟಿಯ ಅಕ್ಷರಗಳು ಸ್ವಲ್ಪ ಅಲ್ಲಾಡಿದವು. ಇದೇ ಹೊತ್ತಿನಲ್ಲಿ ಅವನು ಮೂರು ವಾರ ಕಾಲುವೆಯ ಪಕ್ಕ ಸ್ಟೇರಿಂಗ್ ಹಿಡಿದಿದ್ದ. ಅದೂ ಗುಳಿಗೆ ನುಂಗಿ. ನನ್ನ ಎದುರು ಆಗ ಒಬ್ಬ ಹೊಸಬ ಕೂತಿದ್ದ. ನಿಡಗುಂದಿಯ ಕಾಂತು, ಮೂವತ್ತೈದರ ಆಸುಪಾಸು, ಹೆದ್ದಾರಿಯಲ್ಲಿ ಟೆಂಪೋ ಓಡಿಸುತ್ತೇನೆ ಎಂದಿದ್ದ. ಕರಾರನ್ನು ಬೆರಳಿಟ್ಟು ಓದುತ್ತ ಮೂರನೆಯ ಕಲಮಿಗೆ ಬಂದು ನಕ್ಕ.

"ಊಟ ಬಿಡಂಗಿಲ್ಲ ಅಂತೀರಿ. ನಿಮ್ಮ ಮಾರಿ ನೋಡಿದ್ರ ನೀವಽ ಉಂಡಂಗ ಕಾಣವಲ್ದು! ಊಟ ಆತೇನ್ರಿ ಮೇಡಂ?"

"ಆತ್ರಿ" ಎಂದೆ. "ಈಗಽ ಉಂಡ ಬಂದೆ."

ಒಂದಿಷ್ಟೂ ತಡೆಯದೆ ಬಂತು ಆ ಮಾತು. ಕಣ್ಣು ಕೆಳಗಾಗಲಿಲ್ಲ, ದನಿ ಬದಲಾಗಲಿಲ್ಲ. ಅವನು ನಂಬಿದ. ಮುಂದೆ ಓದಿ, ನನ್ನ ಪ್ರತಿಯಲ್ಲಿ ಮಾತ್ರ ಇರುವ ಗುಳಿಗೆ ಎಂಬ ಸಾಲಿನ ಎದುರು 'ಇಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ನನ್ನ ಕಡೆ ಸರಿಸಿದ. ಅವನ ಕಣ್ಣೂ ಕೆಳಗಾಗಿರಲಿಲ್ಲ, ದನಿಯೂ ಬದಲಾಗಿರಲಿಲ್ಲ.

ನಾನು ಸಹಿ ಹಾಕಲಿಲ್ಲ. ಪೆನ್ನು ಕೆಳಗಿಟ್ಟು, ಸ್ಟೇರಿಂಗ್ ಹಿಡಿಯುವ ಅವನ ಕೈಗಳನ್ನು ನೋಡುತ್ತ ಕೂತೆ.